'ಆಯಾಸ'ವೆಂಬ ಮಾತು ಮತ್ತು ರಕ್ತದ ಸೂಚಕಗಳು: ಲಕ್ಕೂರು ಪರಿಸರದ ಹಿನ್ನೆಲೆಯಲ್ಲಿ

ಲಕ್ಕೂರು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಹೋಬಳಿ. ತಮಿಳುನಾಡಿನ ಹೊಸೂರು ಸೀಮೆ ಇಲ್ಲಿಂದ ದೂರವಿಲ್ಲ. ಜಿಲ್ಲೆಯ ಬಹುಭಾಗದಲ್ಲಿರುವಂತೆ ಈ ಪರಿಸರದಲ್ಲಿಯೂ ಕನ್ನಡ, ತೆಲುಗುಗಳೆರಡೂ ಬಳಕೆಯಲ್ಲಿವೆ. ಇಂತಹ ದ್ವಿಭಾಷಿಕ ಪ್ರದೇಶದ ರೋಗಸಂಬಂಧಿ ಪದಕೋಶದಲ್ಲಿ 'ಆಯಾಸ' ಎಂಬ ಪದ ವಿಶೇಷ ಗಮನ ಬೇಡುತ್ತದೆ. ಕನ್ನಡದಲ್ಲಿ ಅದು ದಣಿವು, ಬಳಲಿಕೆ. ತೆಲುಗಿನ ಆಡುಮಾತಿನ 'ಆಯಾಸಂ' ಮುಖ್ಯವಾಗಿ ಏದುಸಿರನ್ನು ಸೂಚಿಸುತ್ತದೆ. ಮೂಲ ಒಂದೇ ಸಂಸ್ಕೃತ ಶಬ್ದವಾದರೂ ಅರ್ಥಗಳು ಬೇರೆಯಾಗಿ ನಿಂತಿವೆ. ಮನೆಮಾತು ತೆಲುಗಾದ ಹೆಣ್ಣುಮಗಳು ಕನ್ನಡದಲ್ಲಿ 'ಆಯಾಸ ಆಗ್ತದೆ' ಎಂದಾಗ, ಕೇಳುವ ವೈದ್ಯರಿಗೆ ಅದು ನಿಶ್ಶಕ್ತಿಯಾಗಿ, ರಕ್ತಹೀನತೆಯಾಗಿ ತೋರುವ ಸಾಧ್ಯತೆ ಉಂಟು. ಉಬ್ಬಸ, ದಮ್ಮು ಎಂಬ ಪದಗಳು ಎರಡು ಭಾಷೆಗಳಿಗೂ ಸಮಾನವಾಗಿರುವುದರಿಂದ ಅಲ್ಲಿ ಈ ತೊಡಕಿಲ್ಲ. ಆದರೆ ಅವು ಆಸ್ತಮಾದ ಕಡೆಗೇ ಬೊಟ್ಟುಮಾಡುತ್ತವೆ.

ಈ ಅರ್ಥವ್ಯತ್ಯಾಸದಿಂದ ಮರೆಯಾಗಬಹುದಾದ ಕಾಯಿಲೆಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡ, ಅಂದರೆ ಪಲ್ಮನರಿ ಹೈಪರ್‌ಟೆನ್ಷನ್, ಒಂದು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ 'ಬಿ.ಪಿ.'ಯಲ್ಲಿ ಇದು ಕಾಣುವುದಿಲ್ಲ. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಸರಾಸರಿ ಒತ್ತಡವು ವಿಶ್ರಾಂತಿಯಲ್ಲಿಯೂ ಪಾದರಸದ 20 ಮಿಲಿಮೀಟರನ್ನು ಮೀರಿದ್ದರೆ ರೋಗವಿದೆಯೆಂದು 2022ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಕಾರಣಗಳು ಹಲವು: ಎಡಹೃದಯದ ದೋಷ, ಕವಾಟದ ಕಾಯಿಲೆ, ಹೆಪ್ಪುಗಟ್ಟಿದ ರಕ್ತ, ದೀರ್ಘಕಾಲದ ಶ್ವಾಸಕೋಶ ರೋಗ. ಇದೇ ಜಿಲ್ಲೆಯ ಚಿನ್ನದ ಗಣಿಗಳಲ್ಲಿ (2001ರಲ್ಲಿ ಮುಚ್ಚಿದವು) ದುಡಿದವರನ್ನು ಕಾಡಿದ ಸಿಲಿಕೋಸಿಸ್, ಸೌದೆ ಒಲೆಯ ಹೊಗೆಯಿಂದ ಬರುವ ಶ್ವಾಸರೋಗ, ಇವೂ ಮುಂದುವರಿದಾಗ ಈ ಒತ್ತಡಕ್ಕೆ ದಾರಿಯಾಗಬಲ್ಲವು. ಬಸುರಿಯಲ್ಲಿ ಏದುಸಿರು ಸಹಜವೆಂಬ ಲೋಕರೂಢಿಯ ಮಾತು ಬಹುಪಾಲು ನಿಜ; ಆದರೆ ಈ ರೋಗವಿರುವ ಗರ್ಭಿಣಿಗೆ ಪ್ರಾಣಾಪಾಯ ಬಹಳ ಹೆಚ್ಚು.

ರಕ್ತದಲ್ಲಿ ಸಿಗುವ ಸುಳಿವಿನ ಕಥೆ ಕುತೂಹಲಕರವಾದುದು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಒಂದು ಪೆಪ್ಟೈಡನ್ನು ಗುರುತಿಸಿದರು. ಮಿದುಳಿನ ಹೆಸರನ್ನೇ ಹೊತ್ತ ಈ ಬಿ.ಎನ್.ಪಿ. ಮುಖ್ಯವಾಗಿ ಸ್ರವಿಸುವುದು ಹೃದಯದ ಕುಹರಗಳಿಂದ ಎಂಬುದು ಅನಂತರ ತಿಳಿಯಿತು. ಒತ್ತಡಕ್ಕೆ ಕುಹರದ ಗೋಡೆ ಹಿಗ್ಗಿದಾಗ ಅದರ ಸ್ನಾಯುಕೋಶಗಳು ದೊಡ್ಡದೊಂದು ಅಣುವನ್ನು ತಯಾರಿಸುತ್ತವೆ. ಅದು ಒಡೆದು ಬಿ.ಎನ್.ಪಿ. ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಎಂಬ ಎರಡು ತುಣುಕುಗಳಾಗುತ್ತದೆ. ಎರಡನೆಯದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳತೆಗೆ ಅನುಕೂಲ. ಆದರೆ ಮೂತ್ರಪಿಂಡದ ಕಾಯಿಲೆ, ಎಡಹೃದಯದ ವೈಫಲ್ಯ, ವೃದ್ಧಾಪ್ಯ ಇವುಗಳಲ್ಲಿಯೂ ಇದು ಏರುತ್ತದೆ, ಸ್ಥೂಲಕಾಯದವರಲ್ಲಿ ಇಳಿದಿರುತ್ತದೆ. ಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ, 1100ಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಅಂಕಿಗಳು ರೋಗವನ್ನು ಪತ್ತೆಹಚ್ಚುವುದಕ್ಕಲ್ಲ, ಪತ್ತೆಯಾದವರ ಅಪಾಯವನ್ನು ವರ್ಗೀಕರಿಸುವುದಕ್ಕೆ ಇರುವಂಥವು. ಈ ಭೇದವನ್ನು ಜನಪ್ರಿಯ ಬರಹಗಳು ಆಗಾಗ ಮರೆಯುತ್ತವೆ.

ಮುಂಚಿತ ಪತ್ತೆಗೆ ರಕ್ತದ ಅಳತೆ ನೆರವಾದದ್ದಕ್ಕೆ 2014ರಲ್ಲಿ ಪ್ರಕಟವಾದ 'ಡಿಟೆಕ್ಟ್' ಅಧ್ಯಯನ ಒಳ್ಳೆಯ ಉದಾಹರಣೆ. ಚರ್ಮ ಗಡುಸಾಗುವ ಸಿಸ್ಟಮಿಕ್ ಸ್ಕ್ಲಿರೋಸಿಸ್ ರೋಗಿಗಳಲ್ಲಿ ಎನ್‌ಟಿ-ಪ್ರೊಬಿಎನ್‌ಪಿ, ಯೂರಿಕ್ ಆಮ್ಲ, ಒಂದು ಪ್ರತಿಕಾಯ, ಇವುಗಳನ್ನು ಇಸಿಜಿ, ಶ್ವಾಸಪರೀಕ್ಷೆ ಮುಂತಾದವುಗಳೊಡನೆ ಕೂಡಿಸಿ, ಯಾರಿಗೆ ಎಕೋ ಬೇಕು, ಯಾರಿಗೆ ಕ್ಯಾತಿಟರ್ ಬೇಕು ಎಂದು ಹಂತಹಂತವಾಗಿ ಆರಿಸಲಾಯಿತು. ಕೊನೆಯ ತೀರ್ಮಾನ ಬಲಹೃದಯಕ್ಕೆ ನಳಿಕೆ ಹಾಯಿಸಿ ಮಾಡುವ ಅಳತೆಯದೇ. ಇನ್ನೊಂದು ಮಿತಿಯೂ ಇದೆ. ಕುಹರ ಬಳಲತೊಡಗಿದ ಮೇಲೆಯೇ ಈ ಪೆಪ್ಟೈಡು ಏರುವುದರಿಂದ 'ಮುಂಚಿತ'ವೆಂಬುದು ಸಾಪೇಕ್ಷ. ರಕ್ತನಾಳದ ಗೋಡೆಯ ಬದಲಾವಣೆಯನ್ನೇ ಹಿಡಿಯಬಲ್ಲ ಸೂಚಕಗಳ ಶೋಧ ನಡೆದಿದ್ದರೂ ಅವು ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ.

ರಕ್ತ ತೆಗೆಯುವ ಮೊದಲು ಯಾರಾದರೂ ಸಂಶಯಪಡಬೇಕಷ್ಟೆ. ಆ ಸಂಶಯ ಮಾತಿನಿಂದಲೇ ಹುಟ್ಟುತ್ತದೆ. ಜಾನಪದ ವೈದ್ಯದ ಸಂಗ್ರಹಗಳು ಗಿಡಮೂಲಿಕೆಗಳಿಗೆ, ಮಂತ್ರಗಳಿಗೆ ಕೊಟ್ಟ ಗಮನವನ್ನು ರೋಗಿ ತನ್ನ ಉಸಿರನ್ನು ವರ್ಣಿಸುವ ನುಡಿಗಳಿಗೆ ಕೊಟ್ಟಿರುವುದು ವಿರಳ. ಏದುಸಿರು, ಮೇಲುಸಿರು, ಎದೆ ಡವಡವ, ಕಾಲು ಬಾವು, ಕಣ್ಣು ಕತ್ತಲೆ ಇವು ಪ್ರತ್ಯೇಕ ಅನುಭವಗಳು. ಒಬ್ಬರಲ್ಲಿಯೇ ಇವು ಒಂದರ ಹಿಂದೊಂದು ಕಾಣಿಸಿಕೊಂಡರೆ ಬಲಹೃದಯದ ಕಡೆ ನೋಡಬೇಕಾಗುತ್ತದೆ. 'ಆಯಾಸ' ಎಂದವರನ್ನು, ಅದು ಮೈಗೋ ಉಸಿರಿಗೋ, ನೀರಿನ ಕೊಡ ಹೊತ್ತು ಬರುವಾಗ ಹೋದ ವರ್ಷ ಎಷ್ಟು ಕಡೆ ನಿಲ್ಲುತ್ತಿದ್ದರು, ಈಗ ಎಷ್ಟು ಕಡೆ ನಿಲ್ಲುತ್ತಾರೆ ಎಂದು ಅವರ ಮನೆಮಾತಿನಲ್ಲಿಯೇ ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ. ಲಕ್ಕೂರಿನಂತಹ ಹೋಬಳಿಗಳ ಆರೋಗ್ಯ ಕಾರ್ಯಕರ್ತೆಯರಿಗೆ ಕನ್ನಡ, ತೆಲುಗು, ತಮಿಳು ರೂಪಗಳನ್ನು ಒಟ್ಟಿಗಿಟ್ಟ ಇಂತಹ ಕಿರುಪದಕೋಶವೊಂದನ್ನು ಸಿದ್ಧಪಡಿಸುವುದು ಜಾನಪದ ಸಂಶೋಧಕರ ಕೈಗೆಟಕುವ ಕೆಲಸ.