ರೈಲು ಕೈಬಿಟ್ಟ ಪ್ರೊಮಾಂಟರಿ

ಬಿ.ಕಾಂ.ನಲ್ಲಿ ಕಂಪನಿ ಕಾಯ್ದೆ ಓದುವಾಗ 'ಇನ್‌ಕಾರ್ಪೊರೇಶನ್' ಅಂತ ಒಂದು ಶಬ್ದ ಬರುತ್ತದಲ್ಲ, ಅಮೆರಿಕದಲ್ಲಿ ಅದು ಊರುಗಳಿಗೂ ಉಂಟು. ಹಾಗೆ ನೋಂದಣಿಯಾದ ಊರಿಗೆ ಕಂಪನಿಯಂತೆಯೇ ಕಾನೂನಿನ ಕಣ್ಣಲ್ಲಿ ಒಂದು ವ್ಯಕ್ತಿತ್ವ: ಆಸ್ತಿ ಮಾಡಬಹುದು, ತೆರಿಗೆ ಹಾಕಬಹುದು, ಕೋರ್ಟಿಗೆ ಹೋಗಬಹುದು. ನೋಂದಣಿಯಾಗದ ಊರಿಗೆ ಮೇಯರ್ ಇಲ್ಲ, ಪುರಸಭೆ ಇಲ್ಲ. ಅದು ಇರುವ ಕೌಂಟಿ, ಅಂದರೆ ನಮ್ಮ ಜಿಲ್ಲೆ ಅನ್ನಿ, ಅದನ್ನು ನೋಡಿಕೊಳ್ಳಬೇಕು. ಅಂಥ ಊರಿನ ಪರವಾಗಿ ಮಾತಾಡೋರು ಯಾರು? ಯೂಟಾದ ಪ್ರೊಮಾಂಟರಿಯ ಕಥೆ ನೋಡಿ.

ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿಗಳು ಹಾಕುತ್ತ ಬಂದ ಹಳಿಗಳು ಕೂಡಿದ್ದು ಇಲ್ಲಿ, 1869ರ ಮೇ 10ರಂದು. ಸಿಯೆರಾ ನೆವಾಡಾ ಬೆಟ್ಟ ಕೊರೆದವರು ಬಹುಪಾಲು ಚೀನೀ ಕೂಲಿಗಳು. ಚಿನ್ನದ ಮೊಳೆ ಹೊಡೆಯುವ ಗೌರವ ಮಾತ್ರ ಕಂಪನಿಯ ಅಧ್ಯಕ್ಷ ಲೇಲಂಡ್ ಸ್ಟ್ಯಾನ್‌ಫರ್ಡರಿಗೆ! (ಆ ಮೊಳೆಯನ್ನು ಕೂಡಲೇ ಕಿತ್ತುಕೊಂಡರು. ಈಗ ಅದು ಅವರ ಹೆಸರಿನ ವಿಶ್ವವಿದ್ಯಾಲಯದಲ್ಲಿದೆ.) ಹಳಿಯ ಪಕ್ಕ ಡೇರೆಗಳೆದ್ದವು, ಹೆಂಡದಂಗಡಿ, ಜೂಜಿನ ಅಡ್ಡೆ ಎಲ್ಲ ಬಂದವು. ಪ್ರಯಾಣಿಕರು ಗಾಡಿ ಬದಲಾಯಿಸುತ್ತಿದ್ದುದೂ ಅಲ್ಲೇ. ಕೆಲವೇ ತಿಂಗಳಲ್ಲಿ ಕಂಪನಿಗಳು ಆ ಜಂಕ್ಷನ್ನನ್ನು ಆಗ್ಡನ್ ಪಟ್ಟಣಕ್ಕೆ ಒಯ್ದವು. ಡೇರೆಗಳೂ ಹೋದವು.

ಆದರೂ ಊರು ಉಸಿರಾಡುತ್ತಿತ್ತು. ಕಾರಣ, ದಾರಿ ಕಡಿದಾದ ಏರು. ಗಾಡಿ ಹತ್ತಿಸಲು ಹೆಚ್ಚಿನ ಎಂಜಿನ್ ಬೇಕು, ಅದಕ್ಕೆ ಜನ ಬೇಕು. ಕಂಪನಿಗೆ ಇದು ಖರ್ಚು, ಊರಿಗೆ ಇದೇ ಅನ್ನ. 1904ರಲ್ಲಿ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರದ ಮೇಲೆಯೇ ಮರದ ಕಂಬಗಳ ಸೇತುವೆ ಕಟ್ಟಿ ನೇರ ದಾರಿ ಮಾಡಿದರು. ಸುಮಾರು 70 ಕಿಲೋಮೀಟರ್ ಉಳಿಯಿತು, ಏರೂ ತಪ್ಪಿತು. ಲೆಕ್ಕದ ಪ್ರಕಾರ ಸರಿಯೇ. ಮುಖ್ಯ ಗಾಡಿಗಳೆಲ್ಲ ಆ ಕಡೆ ತಿರುಗಿದವು. 1942ರಲ್ಲಿ ಯುದ್ಧಕ್ಕೆ ಉಕ್ಕು ಬೇಕೆಂದು ಉಳಿದ ಹಳಿಯನ್ನೂ ಕಿತ್ತರು, ಅದಕ್ಕೂ ಒಂದು ಸಮಾರಂಭ ಮಾಡಿ!

ಪುರಸಭೆ ಇದ್ದಿದ್ದರೆ ರೈಲು ಉಳಿಯುತ್ತಿತ್ತು ಅಂತ ನಾನು ಹೇಳೋದಿಲ್ಲ. ಲಾಭ ನಷ್ಟ ನೋಡದ ಕಂಪನಿ ಎಲ್ಲಿದೆ? ಆದರೆ ಆಕ್ಷೇಪಣೆ ಅಂತ ಒಂದು ಕಾಗದ ಬರೆಯಲಿಕ್ಕೆ ಕಚೇರಿಯಾದರೂ ಇರುತ್ತಿತ್ತು.

1957ರಲ್ಲಿ ಸರ್ಕಾರ ಅದನ್ನು ಐತಿಹಾಸಿಕ ಸ್ಥಳವೆಂದು ಗುರುತಿಸಿತು. 2019ರಲ್ಲಿ, ನೂರೈವತ್ತನೇ ವರ್ಷಕ್ಕೆ, ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಎಂಬ ಪದವಿ ಸಿಕ್ಕಿತು. ಅಂದು ಎದುರುಬದುರಾಗಿ ನಿಂತಿದ್ದ ಎರಡು ಎಂಜಿನ್‌ಗಳನ್ನು ಕಂಪನಿಗಳು ಎಂದೋ ಗುಜರಿಗೆ ಹಾಕಿದ್ದವು. ಅದೇ ಮಾದರಿಯಲ್ಲಿ ಹೊಸದಾಗಿ ಮಾಡಿಸಿ 1979ರಲ್ಲಿ ತಂದ ಎಂಜಿನ್‌ಗಳು ಈಗ ಪ್ರವಾಸಿಗಳಿಗೆಂದು ತುಂಡು ಹಳಿಯ ಮೇಲೆ ಓಡುತ್ತವೆ.