ರೊಟ್ಟಿಯ ಜೊತೆಗಿರಲಿ ಕಾಳು

ಮಾಂಸ, ಮೊಟ್ಟೆ ತಿನ್ನದ ಮಕ್ಕಳಿಗೆ ಪ್ರೋಟೀನು ಸಾಲುತ್ತದೆಯೇ? 2022ರಿಂದ ರಾಜ್ಯದ ಎಲ್ಲ ಜಿಲ್ಲೆಗಳ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲಾಗುತ್ತಿದೆ, ಒಲ್ಲದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದ್ದರೆ, ಬಾಳೆಹಣ್ಣಿನಲ್ಲಿ ಇರುವುದು ಒಂದು ಗ್ರಾಮಿನಷ್ಟೇ. ಹಣ್ಣು ಒಳ್ಳೆಯದೇ ಆದರೂ ಈ ಕೊರತೆಯನ್ನು ಮನೆಯ ತಾಟು ತುಂಬಬೇಕು.

ಇದಕ್ಕೆಂದು ಹಲವು ಪಾಲಕರು ಸೋಯಾ ಚಂಕ್ಸ್ ಕೊಳ್ಳುತ್ತಾರೆ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಕಾಯಿಸಿ, ಒತ್ತಡದಿಂದ ಸಣ್ಣ ರಂಧ್ರದ ಮೂಲಕ ಹೊರದೂಡಿದಾಗ ಅದು ಉಬ್ಬಿ, ಮಾಂಸದಂತೆ ಎಳೆಎಳೆಯಾಗುತ್ತದೆ. ನೂರು ಗ್ರಾಮಿನಲ್ಲಿ 50 ಗ್ರಾಮಿನಷ್ಟು ಪ್ರೋಟೀನು ನಿಜ. ಆದರೆ ಅದು ಒಣ ತೂಕದ ಲೆಕ್ಕ. ನೆನೆಸಿದಾಗ ನೀರು ಕುಡಿದು ತೂಕ ಎರಡು-ಮೂರು ಪಟ್ಟಾಗುತ್ತದೆ. ಪ್ರೋಟೀನು ಮಾತ್ರ ಹೆಚ್ಚುವುದಿಲ್ಲ.

ಸೋಯಾ ಒಳ್ಳೆಯ ಆಹಾರ, ಆದರೆ ಅದೇ ಆಗಬೇಕೆಂದಿಲ್ಲ. ಗದಗ, ಮುಂಡರಗಿಯ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ ಬೆಳೆಯುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆ ಶೇಂಗಾವೂ ಉಂಟು. ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ. ಜೋಳದಲ್ಲಿ ಲೈಸೀನ್ ಎಂಬ ಕೊಂಡಿ ಕಡಿಮೆ. ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನೀನನ್ನು ಜೋಳ ಕೊಡುತ್ತದೆ. ರೊಟ್ಟಿ-ಕಾಳುಪಲ್ಯದ ಹಳೆಯ ಜೋಡಿ ವಿಜ್ಞಾನಕ್ಕೂ ಒಪ್ಪುವಂಥದು.

ಲೆಕ್ಕ ಹಾಕಿ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 10ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ ಸುಮಾರು 32 ಗ್ರಾಂ ಪ್ರೋಟೀನು ಬೇಕು. ಮೂರು ರೊಟ್ಟಿಗೆ 150 ಗ್ರಾಂ ಜೋಳದ ಹಿಟ್ಟು ಹಿಡಿದರೆ ಸುಮಾರು 15 ಗ್ರಾಂ. 30 ಗ್ರಾಂ ಒಣ ಹೆಸರುಕಾಳಿನಿಂದ 7. 20 ಗ್ರಾಂ ಶೇಂಗಾದ ಚಟ್ನಿಯಿಂದ 5. ಒಂದು ಲೋಟ ಹಾಲಿನಿಂದ 6. ಒಟ್ಟು 33 ಗ್ರಾಂ! ಹಾಲಿಲ್ಲದ ಮನೆಯಲ್ಲಿ ಇನ್ನೂ 25 ಗ್ರಾಂ ಕಾಳು ಸೇರಿಸಿದರಾಯಿತು.

ಎಡವುವುದು ಅಳತೆಯಲ್ಲಿ. ತೆಳ್ಳನೆಯ ಸಾರಿನಲ್ಲಿ ತೇಲುವ ನಾಲ್ಕು ಬೇಳೆಯಿಂದ ಈ ಲೆಕ್ಕ ಕೂಡದು. ತಟ್ಟೆಯಲ್ಲಿ ಕಾಳು ಕಾಣುವಂತಿರಬೇಕು. ಮೊಳಕೆ ಬರಿಸಿದರೆ ಪ್ರೋಟೀನು ಹೆಚ್ಚಾಗದಿದ್ದರೂ ಜೀರ್ಣಕ್ಕೆ ಹಗುರ. ವಿದ್ಯಾರ್ಥಿಗಳು ಒಂದು ದಿನ ಮನೆಯ ಕಾಳನ್ನು ತೂಗಿ, ತಮ್ಮ ಊಟದ ಲೆಕ್ಕ ಬರೆದು ನೋಡಲಿ. ಹೆಸರು ಬೆಳೆಯುವ ರೈತರು ಪೇಟೆಗೆ ಚೀಲ ಹೇರುವ ಮುನ್ನ ಮಕ್ಕಳಿಗೆಂದು ಕೆಲವು ಸೇರು ತೆಗೆದಿಡಲಿ.