ಬಾನೆಟ್ ತೆರೆಯುವ ಮುನ್ನ

ಒಂದು ಕಾಲಕ್ಕೆ ನನ್ನ ಮಾರುತಿ 800ರ ಕಾರ್ಬ್ಯುರೇಟರನ್ನು ನಾನೇ ಶುಚಿಗೊಳಿಸುತ್ತಿದ್ದೆ. ಶ್ರಮವಿಭಜನೆಯ ಲಾಭವನ್ನು ಆಡಂ ಸ್ಮಿತ್ 1776ರಲ್ಲೇ ವಿವರಿಸಿರುವಾಗ ಅರ್ಥಶಾಸ್ತ್ರ ಓದಿದವನಿಗೆ ಇದೇಕೆಂದು ಮಿತ್ರರು ಛೇಡಿಸುತ್ತಿದ್ದರು. ಇಂದು ಇಂಧನದ ಪ್ರಮಾಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಅದರ ದೋಷ ತಿಳಿಯಲು ಸ್ಕ್ಯಾನರ್ ಬೇಕು. ಬ್ರೇಕು, ಏರ್‌ಬ್ಯಾಗುಗಳಲ್ಲಿ ಹವ್ಯಾಸಿಯ ಪ್ರಯೋಗ ಪ್ರಾಣಕ್ಕೇ ಎರವಾದೀತು. ಅಂಥವು ಗ್ಯಾರೇಜಿಗೇ ಸಲ್ಲಬೇಕು.

ಆದರೆ ಕಳೆದ ಬೇಸಿಗೆಯಲ್ಲಿ ಎಸಿ ಸರಿಯಾಗಿ ಬೀಸದಿದ್ದಾಗ ಗ್ಯಾರೇಜೊಂದು ಬ್ಲೋವರನ್ನೇ ಬದಲಿಸಬೇಕೆಂದಿತು. ಮನೆಗೆ ಬಂದು ಗ್ಲೋವ್ ಬಾಕ್ಸ್ ಕಳಚಿ ನೋಡಿದರೆ, ಕ್ಯಾಬಿನ್ ಫಿಲ್ಟರಿನಲ್ಲಿ ಧೂಳು ಕಟ್ಟಿತ್ತು, ಅಷ್ಟೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆಂದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ನಿದರ್ಶನದಿಂದಲೇ ತೋರಿಸಿದ್ದರು. ಫಿಲ್ಟರ್, ವೈಪರ್, ಬ್ಯಾಟರಿ ಟರ್ಮಿನಲ್‌ಗಳನ್ನಾದರೂ ನಾವೇ ನೋಡಿಕೊಳ್ಳೋಣ. ಅದರಿಂದ ಉಳಿಯುವ ಹಣ ಅಲ್ಪ. ಬಿಲ್ಲನ್ನು ಪ್ರಶ್ನಿಸುವ ತಿಳಿವಳಿಕೆ ದೊಡ್ಡದು.